ಚುಕ್ಕಿ ಎಣಿಸಿದ ಕಣ್ಣು

ನಮ್ಮ ಮೇಷ್ಟ್ರನ್ನು ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರನ್ನಾಗಿ ನೇಮಿಸಿದ ಆದೇಶ ಬಂದಾಗ ಭೌತಶಾಸ್ತ್ರ ವಿಭಾಗದಲ್ಲಿ ಖುಷಿಪಟ್ಟವರಿಗಿಂತ ಮರುಕಪಟ್ಟವರೇ ಹೆಚ್ಚು. "ಇನ್ನು ಫೈಲಿನ ಪಾಲಾದ್ರು ಬಿಡಿ" ಎಂದ ನಮ್ಮ ಅಟೆಂಡರ್.

ಮೇಷ್ಟ್ರು ಎಕ್ಸ್‌ರೇ ಸ್ಫಟಿಕಶಾಸ್ತ್ರದವರು. 1961ರಲ್ಲಿ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರಲ್ಲ, ಆ ಕಾಲಕ್ಕೆ ಅಲ್ಲಿನ ವಿಭಾಗಕ್ಕೆ ಹತ್ತಿದ ಸ್ಫಟಿಕದ ಹುಚ್ಚು ಅವರು 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಹೊರಟುಹೋದ ಮೇಲೂ ಇಳಿದಿರಲಿಲ್ಲ. ಅದನ್ನು ಅಂಟಿಸಿಕೊಂಡೇ ಮೇಷ್ಟ್ರು ನಮ್ಮೂರಿಗೆ ಬಂದರು. ನಾನು ಸೇರುವ ಹೊತ್ತಿಗೆ ಲ್ಯಾಬಿನಲ್ಲಿದ್ದದ್ದು ಒಂದು ವೈಸನ್‌ಬರ್ಗ್ ಕ್ಯಾಮೆರಾ. ಸಾಸಿವೆಗಿಂತ ಸಣ್ಣ ಹರಳನ್ನು ಗಾಜಿನ ಎಳೆಯ ತುದಿಗೆ ಅಂಟಿಸಿ, ತಾಮ್ರದ ಟ್ಯೂಬಿನ ಕಿರಣ ಬಿಟ್ಟು, ರಾತ್ರಿಯಿಡೀ ಕಾಯಬೇಕು. ನಡುವೆ ಕರೆಂಟು ಹೋದರೆ ಮುಗಿಯಿತು. ಡಾರ್ಕ್‌ರೂಮಿನಲ್ಲಿ ತೊಳೆದ ಫಿಲ್ಮಿನ ಒಂದೊಂದು ಚುಕ್ಕಿಯ ಕಪ್ಪನ್ನೂ ಅಳತೆಪಟ್ಟಿಯ ಪಕ್ಕ ಹಿಡಿದು ಕಣ್ಣಂದಾಜಿನಲ್ಲೇ ಬರೆದುಕೊಳ್ಳಬೇಕಿತ್ತು. ನಾನು ಇಪ್ಪತ್ತು ಅಂದ ಚುಕ್ಕಿಗೆ ಮೇಷ್ಟ್ರು ಕನ್ನಡಕ ಹಣೆಗೇರಿಸಿ "ಹದಿನೆಂಟು" ಅನ್ನುತ್ತಿದ್ದರು. ವಾದ ಮಾಡಿ ಗೆದ್ದವರನ್ನು ನಾನು ಕಾಣೆ.

ಆಮೇಲೆ ಡಿಫ್ರಾಕ್ಟೋಮೀಟರ್ ಬಂತು, ಕಂಪ್ಯೂಟರ್ ಬಂತು, ನಾವು ವರ್ಷಗಟ್ಟಲೆ ಎಳೆದಾಡಿದ್ದು ಒಂದು ಮಧ್ಯಾಹ್ನದ ಕೆಲಸವಾಯಿತು.

ನಿರ್ದೇಶಕರ ಕುರ್ಚಿಯಲ್ಲಿ ಅವರಿಗೆ ಎದುರಾದದ್ದು ಬೇರೆಯೇ ಎಣಿಕೆ. ಯುಜಿಸಿಯ 2016ರ ನಿಯಮದಂತೆ ಪ್ರಾಧ್ಯಾಪಕರೊಬ್ಬರಿಗೆ ಏಕಕಾಲಕ್ಕೆ ಎಂಟೇ ಪಿಎಚ್‌ಡಿ ವಿದ್ಯಾರ್ಥಿಗಳು. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ. 2018ರಲ್ಲಿ ಕೃತಿಚೌರ್ಯದ ನಿಯಮ ಬಂತು: ಹೋಲಿಕೆ ಶೇ. 10 ದಾಟಿದರೆ ಪ್ರಬಂಧ ತಿದ್ದಿ ತರಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಕಳ್ಳರಿಗೆ ಕಡಿವಾಣ ಬೇಕಿತ್ತು, ಸರಿಯೇ. ಆದರೆ ಹುಡುಗರು ಕಲಿತದ್ದು ವಾಕ್ಯ ತಿರುಚುವುದನ್ನು.

ಒಬ್ಬ ಹುಡುಗ ಹೀಗೇ ತಿರುಚಿ ಶೇ. 7ಕ್ಕೆ ಇಳಿಸಿದ ಪ್ರಬಂಧ ತಂದ. ಮೇಷ್ಟ್ರು ವರದಿಯನ್ನು ಪಕ್ಕಕ್ಕಿಟ್ಟು ಎಕ್ಸ್‌ರೇ ನಕ್ಷೆಯೊಂದರ ಮೇಲೆ ಬೆರಳಿಟ್ಟರು. "ಈ ಶಿಖರದ ಬುಡ ಇಷ್ಟು ನುಣುಪಾಗಿ ಯಾಕಿದೆ?" ಹುಡುಗನಿಗೆ ಗೊತ್ತಿಲ್ಲ. ಸ್ಯಾಂಪಲ್ಲನ್ನು ಕೊರಿಯರಿನಲ್ಲಿ ಹೊರಗಿನ ಲ್ಯಾಬಿಗೆ ಕಳಿಸಿದ್ದನಂತೆ. ಆ ಲ್ಯಾಬಿನವರು ಒರೆಸಿ ತಿದ್ದಿ ಕೊಟ್ಟ ಚಿತ್ರವೇ ಅವನ ಬಳಿ ಇದ್ದದ್ದು, ಮೂಲ ದತ್ತಾಂಶ ಇರಲಿಲ್ಲ.

ಮುಂದಿನ ವಾರ ಸುತ್ತೋಲೆ ಹೊರಟಿತು: ಪ್ರಬಂಧದ ಜೊತೆ ಮೂಲ ಫೈಲುಗಳೂ ಲಾಗ್‌ಬುಕ್ಕೂ ಬರಬೇಕು, ಸ್ಯಾಂಪಲ್ ಹೊರಗೆ ಹೋದರೆ ವಿದ್ಯಾರ್ಥಿಯೂ ಜೊತೆಗೆ ಹೋಗಬೇಕು. ಪ್ರಯಾಣಭತ್ಯೆ ಯಾರು ಕೊಡುತ್ತಾರೆಂದು ಹಣಕಾಸು ವಿಭಾಗ ತಕರಾರು ತೆಗೆಯಿತು. ಆ ಫೈಲಿಗಂತೂ ಮೇಷ್ಟ್ರು ತಾವೇ ಮೆಟ್ಟಿಲು ಹತ್ತಿಳಿದು ಸಹಿ ಹಾಕಿಸಿಕೊಂಡು ಬಂದರು.