ಕಾಕಾನ ದನಿ

ನಾರಾಯಣಖೇಡ ತಾಲೂಕು 1956ರವರೆಗೆ ಬೀದರ ಜಿಲ್ಲೆಯಲ್ಲಿತ್ತು. ಗಡಿ ಸರಿದರೂ ಸಿರ್ಗಾಪುರದ ನಮ್ಮ ಮನೆಯ ಭಜನೆ ಕನ್ನಡದಲ್ಲೇ ಉಳಿಯಿತು. ಹೋದ ಶಿವರಾತ್ರಿಗೆ ಕಾಕಾನ ವಚನ ಸ್ಪೀಕರಿನಲ್ಲಿ ತೀರಾ ತೆಳ್ಳಗೆ ಕೇಳಿಸಿತು.

“ಮುದುಕನ ದನಿ ಹೋಗ್ಯಾದ, ತೆಲುಗು ಹಾಡು ಹಚ್ರಿ” ಎಂದರು ಹುಡುಗರು.

ನನ್ನ ಹಳೆಯ ಅಂಗೈ ಕಂಪ್ಯೂಟರನ್ನು ಆಂಪ್ಲಿಫೈಯರಿಗೆ ಜೋಡಿಸಿ 100 ಹರ್ಟ್ಸಿನ ಸ್ವರ ಬಿಟ್ಟೆ. ಗಂಡಸರ ದನಿಯ ಬುಡ ಸುಮಾರು ಅಲ್ಲೇ ಇರುತ್ತದೆ. ಒಂದೇ ಸ್ಪೀಕರಿದ್ದಾಗ ಗುಂಯ್ಗುಟ್ಟಿತು. ಎರಡನ್ನೂ ಕೂಡಿಸಿದರೆ ನಡುವೆ ನಿಂತವನಿಗೆ ಉಡುಗಿಹೋಯಿತು. ಒಂದರ ಕೆಂಪು, ಕಪ್ಪು ತಂತಿ ಅದಲುಬದಲಾಗಿದ್ದವು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಸೆಳೆಯುತ್ತಿತ್ತು. ಕಟ್ಟಿದವನು ನಾನೇ!

ತಂತಿ ತಿರುಗಿಸಿ, “ಕಾಕಾ, ಒಂದು ನುಡಿ ಅನ್ರಿ” ಎಂದೆ.

ಕಾಕಾ ಮೈಕನ್ನು ನನ್ನತ್ತ ತಳ್ಳಿದರು. “ನನ್ನ ದನಿ ಹೋಗಿಲ್ಲಂತ ಮೊದಲ ನೀ ಅವರಿಗೆ ಹೇಳು.”