ಅಮ್ಮಾ ಹೊಲಿದ ಗುದಡಿ

ಅಮ್ಮಾ ತೀರಿಕೊಂಡ ಐದು ತಿಂಗಳಿಗೆ ಶಿಡ್ಲಘಟ್ಟದ ಬಾಡಿಗೆ ಮನೆ ಖಾಲಿ ಮಾಡಲು ಹೋಗಿದ್ದೆವು. ನಾನು ಚಿಕ್ಕಬಳ್ಳಾಪುರದಿಂದ, ಆಪಾ ಗೌರಿಬಿದನೂರಿನಿಂದ. ಹಂಚಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಟ್ರಂಕಿನ ಮೇಲೆ ಅಮ್ಮಾ ಕೊನೆಯದಾಗಿ ಹೊಲಿದ ಗುದಡಿಯೊಂದಿತ್ತು. ಅದನ್ನೂ ಒಬ್ಬಳು ಆಗಲೇ ಕೇಳಿಟ್ಟಿದ್ದಳು.

ಅವಳು ನಮ್ಮ ಎದುರು ಮನೆಯ ಟೀಚರಮ್ಮನ ಮಗಳು. ಈಗ ಚಿಂತಾಮಣಿಯಲ್ಲಿದ್ದಾಳೆ, ಎರಡನೆಯ ಬಸುರಿ. ಸಾವಿನ ಸುದ್ದಿ ಕೇಳಿ ಬಂದವಳು ನನ್ನ ಕೈ ಹಿಡಿದು, "ಅಮ್ಮಾ ಹೊಲಿದದ್ದು ಒಂದಿದ್ದರೆ ನನ್ನ ಮಗುವಿಗೆ ಕೊಡಿ ಅಕ್ಕಾ. ತೊಳೆಯಬೇಡಿ, ಹಾಗೇ ಕೊಡಿ" ಎಂದಿದ್ದಳು.

ಉತ್ತರ ಕರ್ನಾಟಕದವರು ಕೌದಿ ಎನ್ನುವುದನ್ನೇ ನಮ್ಮ ಮನೆಗಳಲ್ಲಿ ಗುದಡಿ ಎನ್ನುತ್ತೇವೆ. ತೆಲುಗು ಮನೆಮಾತಿನ ನೆರೆಯವರಿಗೆ ಅದು ಬೊಂತ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕವಂದಿ ಎನ್ನುತ್ತಾರೆ. ಅದರ ನಾಲ್ಕು ಮೂಲೆಗೂ ಬಟ್ಟೆಯ ತ್ರಿಕೋನ ಮಡಿಸಿ ಹೂವು ಹಚ್ಚದೆ ಅವರಿಗೆ ಕೆಲಸ ಮುಗಿಯಿತೆನಿಸುವುದಿಲ್ಲ. ಹೆಸರು ಯಾವುದಾದರೇನು, ಎಲ್ಲೆಡೆಯೂ ಅದು ಹಳೆಯ ಸೀರೆ, ಹರಿದ ಲುಂಗಿಗಳ ಪದರಗಳನ್ನು ಉದ್ದುದ್ದ ಹೊಲಿಗೆಯಿಂದ ಹಿಡಿದು ನಿಲ್ಲಿಸಿದ್ದು. ಉರ್ದು ಶಾಲೆಯಲ್ಲಿ 'ಗುದಡಿ ಕಾ ಲಾಲ್' ಎಂಬ ನುಡಿಗಟ್ಟು ಕಲಿಸಿದ್ದರು, ಚಿಂದಿಯೊಳಗಿನ ಮಾಣಿಕ್ಯ ಎಂದು. ನಾನು ಮನೆಗೆ ಬಂದು ಗುದಡಿಯನ್ನೆಲ್ಲ ತಡಕಿದ್ದೆ. ಸಿಕ್ಕಿದ್ದು ಅಮ್ಮಾ ಮರೆತಿದ್ದ ಸೂಜಿ.

ಅಮ್ಮಾ ಫಿಲೇಚರಿನಲ್ಲಿ ರೇಷ್ಮೆ ಬಿಚ್ಚುತ್ತಿದ್ದಳು. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳನ್ನು ಬೇಯಿಸಿ, ಎಳೆಯ ತುದಿ ಹುಡುಕಿ ಹಿಡಿಯುವ ಕೆಲಸ. ಒಂದು ಗೂಡಿನಿಂದ ಸಾವಿರ ಮೀಟರಿನಷ್ಟು ಎಳೆ ಬರುತ್ತದೆ. ಅದೆಲ್ಲ ಯಾರ್ಯಾರದೋ ಮದುವೆ ಸೀರೆಗೆ ಹೋಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಬೆಂದ ಹುಳುವಿನ ವಾಸನೆ. ಶಿಡ್ಲಘಟ್ಟದವರಿಗೆ ಅದು ಗೊತ್ತೇ ಆಗುವುದಿಲ್ಲ, ಹೊರಗಿನವರು ಬಸ್ಸಿಳಿದೊಡನೆ ಮೂಗು ಮುಚ್ಚುತ್ತಾರೆ. ಅದು ಅಮ್ಮಾನ ಸೆರಗಿನಲ್ಲಿ, ಕೂದಲಿನಲ್ಲಿ, ಅವಳು ಹೊಲಿದದ್ದರಲ್ಲಿ ಸೇರಿಕೊಂಡಿರುತ್ತಿತ್ತು. ನೀರಿನಲ್ಲಿ ನೆನೆದು ಬಿರಿದ ಬೆರಳುಗಳಿಗೆ ಸೂಜಿ ಹಿಡಿಯುವುದೂ ಸುಲಭವಾಗಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಟೀಚರಮ್ಮ ಬಾಣಂತಿ. ತನ್ನ ಹಳೆಯ ನೂಲಿನ ಸೀರೆಗಳನ್ನು ಕೊಟ್ಟು ಕೂಸಿಗೆ ಗುದಡಿ ಕೇಳಿದರು. ಅಮ್ಮಾ ಹೊಲಿದು, ಅಂಟುವಾಳಕಾಯಿ ನೊರೆಯಲ್ಲಿ ಮೂರು ಸಲ ತೊಳೆದು, ಮೂಸಿ ಮೂಸಿ ನೋಡಿ ನನ್ನ ಕೈಯಲ್ಲಿ ಕಳಿಸಿದಳು. ಟೀಚರಮ್ಮನ ಅತ್ತೆ ಬಾಗಿಲಿಗೆ ಬಂದು, "ಜಗಲಿ ಮೇಲಿಡು ಮಗಾ" ಎಂದರು. ಇಟ್ಟೆ. ಚೊಂಬಿನಿಂದ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡರು. ಅದರಲ್ಲಿ ಇದ್ದದ್ದೆಲ್ಲ ಅವರ ಮನೆಯದೇ ಸೀರೆ. ನಮ್ಮದೆಂದರೆ ದಾರ ಮತ್ತು ಕೈ.

ಅಳುತ್ತಾ ಹೇಳಿದೆ. ಅಮ್ಮಾ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನಾವು ಸಾಫ್ ಮಾಡಿ ಕೊಟ್ಟೆವು. ಪಾಕ್ ಮಾಡಿಕೊಳ್ಳುವುದು ಅವರಿಗೆ ಬಿಟ್ಟದ್ದು" ಎಂದಳು.

ಸಾಫ್ ಎಂದರೆ ಕೊಳೆಯಿಲ್ಲದ್ದು. ಪಾಕ್ ಎಂದರೆ ಅಶುದ್ಧಿ ತಾಗದ್ದು. ನಮ್ಮ ಮಾತಿನಲ್ಲಿ ಎರಡೂ ಜೋಡಿಯಾಗಿ ಬಂದರೂ ಒಂದೇ ಅಲ್ಲ. ಮನುಷ್ಯನ ಬೆವರು ಕೊಳೆ ಇರಬಹುದು, ನಾಪಾಕ್ ಅಲ್ಲ. ಯಾರ ಬೆವರಾದರೂ ಸರಿ. ಆದರೂ ಅಂದಿನಿಂದ ಅಮ್ಮಾ ಹೊರಗೆ ಕೊಡುವ ಪ್ರತಿಯೊಂದು ಗುದಡಿಯನ್ನೂ ಮೂರು ಸಲ ತೊಳೆದಳು. ನಂಟರಿಗೆ ಕೊಡುವಾಗ ಒಂದೇ ಸಲ. ಆ ಉಳಿದ ಎರಡು ಸಲ ತೊಳೆದದ್ದು ಬಟ್ಟೆಯನ್ನಲ್ಲ, ತನ್ನ ಸಂಕೋಚವನ್ನು ಎಂದು ಈಗ ಅನಿಸುತ್ತದೆ.

ಹೀಗಾಗಿ, ಜಗಲಿಯ ಮೇಲೆ ಇಡಿಸಿಕೊಂಡ ಮನೆಯ ಮಗಳೇ "ತೊಳೆಯಬೇಡಿ" ಎಂದಾಗ ನನಗೆ ಗೆದ್ದಂತಾಗಿತ್ತು. ಇನ್ನೊಂದು ಸ್ವಾರ್ಥವೂ ಇತ್ತು. ಆ ಗುದಡಿಯಲ್ಲಿ ಅಮ್ಮಾ ಇನ್ನೂ ಇದ್ದಳು. ತೊಳೆದರೆ ಹೋಗಿಬಿಡುತ್ತಾಳೆ.

ಆಪಾ ಒಪ್ಪಲಿಲ್ಲ. ನಾನು ಹದೀಸಿನ ಪ್ರಸಂಗ ನೆನಪಿಸಿದೆ. ಹೆಂಗಸೊಬ್ಬಳು ಕೈಯಾರೆ ನೇಯ್ದ ಹೊದಿಕೆಯನ್ನು ಪ್ರವಾದಿಯವರಿಗೆ (ಸ) ತಂದುಕೊಟ್ಟಳು. ಅವರಿಗೂ ಅದು ಬೇಕಾಗಿತ್ತು, ಉಟ್ಟುಕೊಂಡು ಹೊರಬಂದರು. ಅಲ್ಲಿದ್ದವರೊಬ್ಬರು ಅದನ್ನೇ ಕೇಳಿದರು. ಪ್ರವಾದಿಯವರು ಒಳಗೆ ಹೋಗಿ ಮಡಿಸಿ ಕಳಿಸಿಕೊಟ್ಟರು. ಕೇಳಿದವರು ಅದನ್ನು ತಮ್ಮ ಕಫನಿಗೆಂದು ಇಟ್ಟುಕೊಂಡರು. "ಮಡಿಸಿ ಕಳಿಸಿದರು ಅಂತಿದೆ, ತೊಳೆದು ಅಂತಿಲ್ಲ" ಎಂದು ವಾದಿಸಿದೆ. ಯೂಸುಫರ ಅಂಗಿಯನ್ನೂ ಎಳೆದುತಂದೆ. ಮಗನ ಅಂಗಿಯ ವಾಸನೆ ದೂರದಿಂದಲೇ ತಂದೆ ಯಾಕೂಬರಿಗೆ ತಾಗಿತು, ಅದನ್ನು ಮುಖಕ್ಕೆ ಹಾಕಿದಾಗ ಹೋದ ಕಣ್ಣು ಬಂತು.

ಆಪಾ ಗುದಡಿ ಬಿಡಿಸುತ್ತಲೇ ಹೇಳಿದಳು: "ಆ ವಾಸನೆ ಬೇಕಾಗಿದ್ದದ್ದು ಯಾಕೂಬರಿಗೆ. ಇದನ್ನು ಹೊದೆಯುವುದು ಹಸುಗೂಸು. ಅಮ್ಮಾ ಇದರೊಳಗೇ ಆರು ತಿಂಗಳು ಕೆಮ್ಮಿದ್ದಾಳೆ. ನಿನ್ನ ದುಃಖಾನ ಯಾರದೋ ಮಗುವಿಗೆ ಹೊದಿಸ್ತೀಯಾ?"

ಬೇಸಿನ್ನಿನ ಹಬೆ, ಒಲೆಯ ಹೊಗೆಯಲ್ಲಿ ದುಡಿದವರನ್ನು ಹಿಡಿಯುವ ಉಬ್ಬಸವೇ ಅಮ್ಮಾನನ್ನೂ ಹಿಡಿದಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ತೊಳೆದೆವು. ಆಪಾ ಮೊದಲು ಅಂಗೈಯಿಂದ ಉದ್ದಕ್ಕೂ ಒತ್ತಿ, ಸೂಜಿ ಉಳಿದಿದೆಯೇ ಎಂದು ನೋಡಿದಳು. ಬಿಟ್ಟುಹೋದ ಹೊಲಿಗೆಗಳನ್ನು ಹಾಕಿದಳು. ಇಲ್ಲದಿದ್ದರೆ ನೀರಿನ ಭಾರಕ್ಕೆ ದಾರ ಕಿತ್ತು ಪದರಗಳು ಒಂದೆಡೆ ಮುದ್ದೆಯಾಗುತ್ತವೆ. ಅಂಚಿನ ಹೊಸ ಕೆಂಪು ಬಟ್ಟೆಗೆ ಒದ್ದೆ ಬಿಳಿ ಚೂರು ಒತ್ತಿ ನೋಡಿದಾಗ ಬಣ್ಣ ಅಂಟಿತು. ಹಾಗಾಗಿ ತಣ್ಣೀರು, ನೆನೆಸಿಡುವಂತಿಲ್ಲ. ಸಾವಿರ ಅಡಿ ದಾಟಿದರೂ ಬೋರ್‌ವೆಲ್ ಕೈಕೊಡುವ ಸೀಮೆ ನಮ್ಮದು. ಟ್ಯಾಂಕರಿನ ಗಡುಸು ನೀರಿಗೆ ಸೋಪು ನೊರೆ ಬರಲಿಲ್ಲ, ಮತ್ತೆ ಅಂಟುವಾಳಕಾಯಿಯೇ ಬೇಕಾಯಿತು. ಹಿಂಡದೆ, ಇಬ್ಬರೂ ಎರಡು ತುದಿ ಹಿಡಿದು ನೀರು ಸೋರಿಸಿ, ನೆರಳಿನಲ್ಲಿ ಮಂಚದ ಮೇಲೆ ಹರಡಿದೆವು. ನಾನು ಎರಡನೆಯ ಸಲ ಬಕೆಟ್ಟಿಗೆ ಕೈ ಹಾಕಿದಾಗ ಆಪಾ ತಡೆದಳು. "ಒಂದು ಸಲ ಸಾಕು. ಅವಳೂ ಮನೆಯವಳೇ."

ಚಿಂತಾಮಣಿಗೆ ನಾನೇ ಒಯ್ದೆ. ಅವಳು ಬಾಗಿಲಲ್ಲೇ ಇಸಿದುಕೊಂಡು ಮುಖಕ್ಕೆ ಒತ್ತಿಕೊಂಡಳು. "ತೊಳೆದುಬಿಟ್ರಾ ಅಕ್ಕಾ?" ಎಂದಳು, ಮುಖ ಸಣ್ಣದಾಯಿತು. ಕೂಸಿಗಲ್ಲವಾ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಮಂಚದ ಮೇಲೆ ಹಾಸಿದಳು. ಹೊಲಿಗೆಗಳ ಮೇಲೆ ಬೆರಳಾಡಿಸುತ್ತಾ ಕುಳಿತಳು. ನಾನೂ ಪಕ್ಕದಲ್ಲಿ ಅದರ ಮೇಲೆಯೇ ಕುಳಿತೆ. ಚಹಾ ಬಂತು.