ಸಿಂಹಳದ ಕೆರೆ ಕಲಿಸಿದ ದಾಸೋಹ

ದಾಸೋಹವನ್ನು ಕುರಿತು ನಾವು ನಲವತ್ತು ವರುಷಗಳಿಂದ ಗೋಷ್ಠಿಗಳಲ್ಲಿ ಮಾತನಾಡುತ್ತ ಬಂದಿದ್ದೇವೆ. ದಾನದಲ್ಲಿ ಕೊಡುವವನ ಹಮ್ಮು ಉಳಿಯುತ್ತದೆ, ದಾಸೋಹದಲ್ಲಿ ಅದು ಅಳಿಯುತ್ತದೆ ಎಂದು ವಿವರಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಆಡಿ ಆಡಿ ಸವೆದ ಮಾತು ಆಡುವವನ ಕಿವಿಗೇ ಬೀಳದೆ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಶ್ರೀಲಂಕೆಯಲ್ಲಿ ಎಂಟು ದಿನವಿದ್ದು ಬಂದಾಗ ಆ ಮಾತು ನಮಗೆ ಮತ್ತೆ ಕೇಳಿಸಿತು.

ಕರ್ನಾಟಕದ ಮೂರರಲ್ಲೊಂದು ಭಾಗದಷ್ಟಿರುವ ದ್ವೀಪವದು. ವಿಸ್ತೀರ್ಣ 65,610 ಚದರ ಕಿಲೋಮೀಟರು. ನೈಋತ್ಯ ಭಾಗವೆಲ್ಲ ಹಸಿರು. ಮನೆಮನೆಯ ಹಿತ್ತಿಲಲ್ಲಿ ತೆಂಗು, ಹಲಸು, ಬಾಳೆ, ಬಗನಿ ಮರಗಳು ಒತ್ತೊತ್ತಾಗಿ ನಿಂತಿರುವುದನ್ನು ಕಂಡರೆ ಮಲೆನಾಡಿನವರು ತಮ್ಮೂರೆಂದೇ ಭ್ರಮಿಸಿಯಾರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವನ್ನು ಅವರು ‘ಕಿರಿಬತ್’ ಎನ್ನುತ್ತಾರೆ. ಹೊಸ ವರ್ಷಕ್ಕೂ ಶುಭಕಾರ್ಯಕ್ಕೂ ಅದು ಬೇಕೇ ಬೇಕು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪಾದ ಎಮ್ಮೆಯ ಮೊಸರಿಗೆ ಬಗನಿಯ ಬೆಲ್ಲದ ಪಾಕ ಸುರಿದು ಕೊಡುವುದೂ ಅಲ್ಲಿಯ ಸವಿ.

ಉತ್ತರಕ್ಕೂ ಪೂರ್ವಕ್ಕೂ ಸಾಗಿದರೆ ಚಿತ್ರವೇ ಬೇರೆ. ಅಲ್ಲಿಗೆ ಮುಖ್ಯ ಮಳೆ ತರುವುದು ಈಶಾನ್ಯ ಮಾರುತ; ಉಳಿದ ತಿಂಗಳುಗಳಲ್ಲಿ ನೆಲ ಬಾಯ್ದೆರೆದಿರುತ್ತದೆ. ಆದುದರಿಂದ ಆ ಸೀಮೆಯ ಬದುಕು ಸಾವಿರಾರು ವರ್ಷಗಳಿಂದ ಕೆರೆಗಳನ್ನು ನಂಬಿದೆ. ಕೆರೆಗೆ ಅವರು ‘ವೆವ’ ಎನ್ನುತ್ತಾರೆ. ನಮ್ಮ ‘ವಾಪಿ’ ಶಬ್ದವೇ ಸವೆದು ಹಾಗಾಗಿದೆ.

ಪೊಳೊನ್ನರುವದ ಪರಾಕ್ರಮ ಸಮುದ್ರದ ಏರಿಯ ಮೇಲೆ ನಿಂತಾಗ ಆಚೆಯ ದಡ ಕಾಣದೆ ನಾವು ಬೆರಗಾದೆವು. ಏರಿಯ ಉದ್ದವೇ ಸುಮಾರು 14 ಕಿಲೋಮೀಟರು. 1153ರಿಂದ 1186ರವರೆಗೆ ಆಳಿದ ಪರಾಕ್ರಮಬಾಹು ಅದನ್ನು ವಿಸ್ತರಿಸಿ ಕಟ್ಟಿಸಿದನು. ಮಳೆಯ ಹನಿಯೊಂದೂ ಜನರಿಗೆ ಒದಗದೆ ಕಡಲು ಸೇರಬಾರದೆಂಬುದು ಅವನ ಸಂಕಲ್ಪವಾಗಿತ್ತೆಂದು ‘ಚೂಳವಂಸ’ ಹೇಳುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರು ಕಾಯಕ ದಾಸೋಹಗಳನ್ನು ಬೋಧಿಸುತ್ತಿದ್ದ, ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆಯನ್ನು ತೋಡಿಸಿದ ಶತಮಾನವೇ ಅದು! ಆ ಊರಿನಲ್ಲಿಯೇ ಚೋಳರ ಕಾಲದ ಶಿಲಾ ಶಿವಾಲಯವೂ ಇದೆ. ಮುಂಜಾನೆ ಆ ಕೆರೆಯ ನೀರನ್ನೇ ತಂದು ಇಷ್ಟಲಿಂಗಕ್ಕೆ ಮಜ್ಜನ ಮಾಡಿಸಿದೆವು.

ಅಂದು ವೈಶಾಖದ ಹುಣ್ಣಿಮೆ. ದಾರಿಯಲ್ಲಿ ಕೆಲವು ತರುಣರು ಬಾವುಟ ಬೀಸಿ ನಮ್ಮ ವ್ಯಾನನ್ನು ನಿಲ್ಲಿಸಿದರು. ಅದು ‘ದನ್ಸಲ್’, ಅಂದರೆ ದಾನಶಾಲೆ. ವೈಶಾಖದ ಹಬ್ಬದಲ್ಲಿ ಊರವರು ಕೂಡಿ ದಾರಿಹೋಕರೆಲ್ಲರನ್ನೂ ಕರೆದು ಉಣಿಸುತ್ತಾರೆ. ಜಾತಿ, ಮತ, ದೇಶ ಕೇಳುವುದಿಲ್ಲ. ಆ ದಿನಗಳಲ್ಲಿ ಕಸಾಯಿಖಾನೆಗಳೂ ಮದ್ಯದಂಗಡಿಗಳೂ ಮುಚ್ಚಿರುತ್ತವೆ. ಬಡಿಸುತ್ತಿದ್ದುದು ಅನ್ನ, ಬೇಳೆ, ಹಲಸಿನಕಾಯಿಯ ಪಲ್ಯ. ಆದರೂ ನಾವು ಹಿಂಜರಿದೆವು. ಮನಸ್ಸನ್ನು ಕೆದಕಿ ನೋಡಿದಾಗ ಆ ಹಿಂಜರಿಕೆ ಶುಚಿಯದಾಗಿರಲಿಲ್ಲ. ಬಾಲ್ಯದಲ್ಲಿ ಮಠದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಂಡು ಬೆಳೆದ ನಾವು, ಈಚಿನ ವರ್ಷಗಳಲ್ಲಿ ‘ಮುಖ್ಯರಿಗೆ’ ಎಂದು ಮೀಸಲಿಟ್ಟ ಕೋಣೆಯಲ್ಲಿ ಉಣ್ಣುವುದನ್ನು ರೂಢಿಸಿಕೊಂಡಿದ್ದೆವು. ಬಿಸಿಲಿನಲ್ಲಿ ಲಾರಿಯ ಕ್ಲೀನರನ ಹಿಂದೆ ತಟ್ಟೆ ಹಿಡಿದು ನಿಲ್ಲಲು ಅಭಿಮಾನ ಅಡ್ಡ ಬಂದಿತ್ತು.

ಕೊನೆಗೆ ನಿಂತೆವು, ಉಂಡೆವು. ಬಡಿಸಿದ ಹುಡುಗನಿಗೆ ಹಣ ಕೊಡಹೋದರೆ ಅವನು ಎರಡೂ ಕೈಗಳನ್ನು ಹಿಂದಕ್ಕೆ ಮಡಚಿಕೊಂಡನು. ಅವನ ಸಿಂಹಳದ ಮಾತನ್ನು ನಮ್ಮ ಚಾಲಕನು ತನ್ನ ತಮಿಳಿನಲ್ಲಿ ತಿಳಿಸಿದನು: “ನೀವು ಉಂಡದ್ದೇ ನಮಗೆ ಪುಣ್ಯ, ಉಪಕಾರ ನಿಮ್ಮದು.” ಹೆಸರು ದಾನಶಾಲೆ, ನಡೆದದ್ದು ದಾಸೋಹ. ಶಬ್ದಭೇದ ಹೇಳಿ ಚಪ್ಪಾಳೆ ಗಿಟ್ಟಿಸಿದ ನಮ್ಮ ನಾಲಗೆ ಅಂದು ತೆಪ್ಪಗಾಯಿತು.

ಮರುದಿನ ಒಂದು ಹಳ್ಳಿಯ ಕೆರೆಯನ್ನು ವೃದ್ಧ ರೈತರೊಬ್ಬರು ತೋರಿಸಿದರು. ಆ ಸೀಮೆಯ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆಯ ಕೋಡಿಯ ನೀರೂ ಗದ್ದೆಗಳ ಬಸಿನೀರೂ ಕೆಳಗಿನ ಕೆರೆಗೆ ಇಳಿಯುತ್ತವೆ. ಕಾಡಿನಲ್ಲಿರುವ ಚಿಕ್ಕ ಕೆರೆಯಿಂದ ಗದ್ದೆಗೆ ನೀರು ಬಿಡುವುದಿಲ್ಲ. ಅದು ಹೂಳನ್ನು ತಡೆಯುತ್ತದೆ, ಮೃಗಪಕ್ಷಿಗಳ ದಾಹ ತಣಿಸುತ್ತದೆ. ಈ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2017ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯಮಾಡಿದೆ.

ನಮ್ಮನ್ನು ಹೆಚ್ಚು ಕಲಕಿದ್ದು ‘ಬೆತ್ಮ’ ಎಂಬ ಕಟ್ಟಳೆ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಲ್ಲ ಗದ್ದೆಗಳನ್ನೂ ಬಿತ್ತುವುದಿಲ್ಲ. ಏರಿಗೆ ಹತ್ತಿರದ ಭಾಗವನ್ನಷ್ಟೇ ಬಿತ್ತಿ, ಅದನ್ನು ಆ ಬೆಳೆಯ ಮಟ್ಟಿಗೆ ರೈತರೆಲ್ಲರೂ ತಮ್ಮ ತಮ್ಮ ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಗದ್ದೆ ಯಾರದೇ ಇರಲಿ, ಬರದ ವರ್ಷದಲ್ಲಿ ಅದು ಕೆರೆಯನ್ನು ನಂಬಿದ ಎಲ್ಲರದು.

ಅದನ್ನು ಕೇಳಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮೂರ ಕೆರೆಯಂಗಳಕ್ಕೆ ನಮ್ಮ ಮನೆತನದ ಹೊಲ ಹೊಂದಿಕೊಂಡಿದೆ. ಬೇಸಗೆಯಲ್ಲಿ ನೀರು ಸರಿದಂತೆಲ್ಲ ಬದುವನ್ನು ಒಂದೊಂದೇ ಮಾರು ಮುಂದಕ್ಕೆ ಒತ್ತಿದವರು ನಮ್ಮ ಹಿರಿಯರು. ಕಂಡೂ ಸುಮ್ಮನಿದ್ದವರು ನಾವು. ಆ ಹೊಲದ ಜೋಳ ಮಾರಿದ ಹಣದಿಂದಲೇ ವರ್ಷವರ್ಷವೂ ಜಾತ್ರೆಯ ದಾಸೋಹಕ್ಕೆ ಕಾಣಿಕೆ ಸಲ್ಲಿಸಿದ್ದೇವೆ. ದಾನಿಗಳ ಫಲಕದಲ್ಲಿ ನಮ್ಮ ಮನೆತನದ ಹೆಸರಿದೆ. ಕೆರೆಯಿಂದ ಕಸಿದದ್ದರಲ್ಲಿ ಒಂದು ಹಿಡಿ ಹಿಂದಿರುಗಿಸಿ ಹೆಸರು ಬರೆಸಿಕೊಂಡದ್ದು ದಾಸೋಹವೇ? ದಾನವೂ ಅಲ್ಲ.

ಊರಿಗೆ ಬಂದು ತಮ್ಮನೊಡನೆ ಈ ಮಾತನ್ನು ತೆಗೆದೆವು. “ಅಣ್ಣಾ, ನೀನು ಪುಸ್ತಕ ಓದಿದವ, ಒಕ್ಕಲುತನ ಮಾಡಿದವ ನಾನು” ಎಂದು ಅವನು ಎದ್ದುಹೋದನು. ಅವನ ಮಾತಿನಲ್ಲಿಯೂ ಸತ್ಯವಿದೆ. ನಮ್ಮ ಪಾಲಿಗೆ ಬಂದಿದ್ದ ಭಾಗದ ಬದುವನ್ನು ಮಾತ್ರ ಹಳೆಯ ಗಡಿಗಲ್ಲಿನವರೆಗೆ ಹಿಂದೆ ಸರಿಸಿದೆವು. ತಮ್ಮನ ಭಾಗ ಹಾಗೆಯೇ ಇದೆ. ಮುಂದಿನ ಮಳೆಗಾಲದಲ್ಲಿ ಆ ಚೂರು ನೆಲದ ಮೇಲೆ ಮೊಣಕಾಲುದ್ದ ನೀರು ನಿಂತಿತು. ಒಂದು ಸಂಜೆ ತಮ್ಮನು ಬಂದು ಏರಿಯ ಮೇಲೆ ನಮ್ಮ ಪಕ್ಕದಲ್ಲಿ ಕುಳಿತು, ಏನೂ ಮಾತನಾಡದೆ ಆ ನೀರನ್ನು ನೋಡಿ ಎದ್ದುಹೋದನು. ನಾವೂ ಬೋಧಿಸಲಿಲ್ಲ.

ಓದುಗ ಶರಣಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಈ ಸಲ ಜಾತ್ರೆಯ ದಾಸೋಹಕ್ಕೆ ಅಕ್ಕಿಯ ಚೀಲ ಕಳುಹಿಸುವ ಮುನ್ನ ಒಮ್ಮೆ ತಮ್ಮ ತಮ್ಮ ಹೊಲದ ಬದುವನ್ನು ನೋಡಿ ಬನ್ನಿರಿ. ಶರಣು ಶರಣಾರ್ಥಿ.